ಬಾಗಿಲ ತನಕ ಬಂದ ಬುಳುಂಗ

ಅಕ್ಕೋರ ಮೇಲ್ದುಟಿಯ ಎಡತುದಿಯಲ್ಲಿ ಮೆಣಸಿನ ಕಾಳಿನಷ್ಟು ದೊಡ್ಡ ಮಚ್ಚೆಯೊಂದಿತ್ತು. ಆ ಮಚ್ಚೆಯ ಮೇಲೆ ಮೂರು ಕೂದಲು. ಕನ್ನಡ ಪಾಠ ಮಾಡುವಾಗ ಆ ಕೂದಲು ಸುಮ್ಮನಿರುತ್ತಿದ್ದವು, ಮಗ್ಗಿ ಕೇಳುವಾಗಲೂ ಸುಮ್ಮನಿರುತ್ತಿದ್ದವು. ಶನಿವಾರ ಬೆಳಗಿನ ಶಾಲೆಯ ಕೊನೆಯ ತಾಸಿನಲ್ಲಿ ಮಾತ್ರ ಅವರು ಕುರ್ಚಿಯನ್ನು ಮೇಜಿನ ಮುಂದಕ್ಕೆ ಎಳೆದುಕೊಂಡು, ಕುತ್ತಿಗೆ ಉದ್ದ ಮಾಡಿ, ತುಟಿಯನ್ನು ಒಂದು ಪಕ್ಕಕ್ಕೆ ಸೊಟ್ಟಗೆ ಎಳೆಯುತ್ತಿದ್ದರು. ಮೂರೂ ಕೂದಲು ಒಟ್ಟಿಗೆ ಅದುರುತ್ತಿದ್ದವು. ನಾವೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆವು. ಬುಳುಂಗ ನೀರಿನಿಂದ ತಲೆ ಎತ್ತಿದ್ದ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವವರು ಗಂಡಸಾದರೆ ಮಾಸ್ತರು, ಹೆಂಗಸಾದರೆ ಅಕ್ಕೋರು. ಜೀವನದಲ್ಲಿ ಎಷ್ಟೋ ಅಕ್ಕೋರನ್ನು ಕಂಡಿದ್ದೇನೆ, ಈಗ ನಾನೂ ಒಬ್ಬ ಅಕ್ಕೋರು. ಆದರೂ ಆ ಶಬ್ದ ಕಿವಿಗೆ ಬಿದ್ದರೆ ನನ್ನ ಕಣ್ಣಿಗೆ ಬರುವುದು ಅವರೊಬ್ಬರೇ. ಅಂಕೋಲೆಯವರು. ಮದುವೆಯಾಗಿರಲಿಲ್ಲ. ಕದ್ವಾಡದ ನಮ್ಮ ಶಾಲೆಗೆ ಬಂದವರು ನಿವೃತ್ತಿಯಾಗುವ ತನಕ ಅಲ್ಲೇ ಇದ್ದರು. ನಮ್ಮದು ಗದ್ದೆ ಮಾಡುವ ಮನೆ. ಮನೆಯಲ್ಲಿ ಮಾತು ಕೊಂಕಣಿ. ಕನ್ನಡ ನನಗೆ ಬಂದದ್ದು ಅಕ್ಕೋರ ಬಾಯಿಂದ. ಅದರಲ್ಲೂ ಅರ್ಧ ಬುಳುಂಗನ ಬಾಯಿಂದ ಎಂದರೆ ಸುಳ್ಳಲ್ಲ.

ಬುಳುಂಗ ಒಂದು ನೀರುನಾಯಿ. ಕಾಳಿ ಹೊಳೆಯಲ್ಲಿ ಅವನ ವಾಸ. ಅವನು ಮುಳುಗು ಹಾಕಿದಾಗ ಆಗುವ ಸದ್ದೇ ಅವನ ಹೆಸರು. ಮಹಾ ಕೆಟ್ಟವನು. ಹೊಳೆದಂಡೆಯ ಗದ್ದೆಗಳಿಗೆ ಉಪ್ಪುನೀರು ನುಗ್ಗದ ಹಾಗೆ ಕಟ್ಟಿದ ಮಣ್ಣಿನ ಒಡ್ಡನ್ನು ಒಡೆದುಹಾಕಿದವನು ಅವನೇ. ಒಡ್ಡು ಒಡೆದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಪ್ಪು ಕುಡಿದು ಸುಟ್ಟ ಹಾಗಾದ ಭತ್ತದ ಸಸಿಗಳನ್ನು ನಮ್ಮ ಅಪ್ಪಂದಿರು ಸುಮ್ಮನೆ ನಿಂತು ನೋಡುವುದನ್ನು ನಾವು ಕಂಡವರು. ಹಾಗಾಗಿ ಬುಳುಂಗನೆಂದರೆ ನಮಗೆ ನಿಜವಾದ ಹೆದರಿಕೆ ಇತ್ತು.

ಆದರೆ ಅವನು ಒಡ್ಡು ಒಡೆದದ್ದು ಯಾಕೆ? ಏಡಿಗಳ ಮನೆಯ ಮದುವೆಗೆ ಅವನನ್ನು ಕರೆದಿರಲಿಲ್ಲ, ಅದಕ್ಕೆ. ಕರೆಯದಿದ್ದುದಕ್ಕಿಂತ ಹೆಚ್ಚಾಗಿ, ಕರೆದಿಲ್ಲ ಎಂಬುದನ್ನು ಕಪ್ಪೆಯ ಬಾಯಿಂದ ಕೇಳಬೇಕಾಯಿತಲ್ಲ, ಅದಕ್ಕೆ. ಅವನಿಗೆ ತನ್ನ ಮೀಸೆಯ ಮೇಲೆ ಬಹಳ ಅಭಿಮಾನ. ಗುಡುಗಿದರೆ ಬಿಲದೊಳಗೆ ಹೊಕ್ಕು ಕಿವಿ ಮುಚ್ಚಿಕೊಳ್ಳುತ್ತಾನೆ. ಯಾರಾದರೂ ಕೇಳಿದರೆ, “ಬಿಲ ಗುಡಿಸ್ತಿದ್ದೆ” ಅನ್ನುತ್ತಾನೆ. ಬೇರೆಯವರನ್ನು ಹೊಗಳಿದರೆ ಅವನಿಗೆ ಹೊಟ್ಟೆನೋವು ಬರುತ್ತದೆ, ನಿಜವಾದ ಹೊಟ್ಟೆನೋವು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ‘ತಪ್ಪಾಯ್ತು’ ಎಂಬ ಒಂದು ಶಬ್ದ ಅವನ ಬಾಯಿಂದ ಹೊರಡುವುದಿಲ್ಲ. ತಪ್ಪು ಮಾಡಿದ್ದೇನೆ ಎಂದು ಅವನಿಗೆ ಗೊತ್ತಾಗುತ್ತದೆ, ನಿದ್ದೆ ಬರುವುದಿಲ್ಲ, ಬೆಳಗಾದ ಕೂಡಲೇ ಏಡಿಯ ಬಿಲದ ಬಾಗಿಲ ತನಕ ಹೋಗುತ್ತಾನೆ. ಅಲ್ಲಿ ನಿಂತು ಮೀಸೆ ತೀಡುತ್ತಾನೆ. ಕೆಮ್ಮುತ್ತಾನೆ. ಏಡಿ ಹೊರಗೆ ಬಂದು “ಯಂತಾ?” ಎಂದು ಕೇಳಿದರೆ, “ಹೊಳೆ ಭರ್ತಿ ಜೋರದೆ ಇವತ್ತು” ಎಂದು ಹೇಳಿ ತಿರುಗಿ ಬರುತ್ತಾನೆ.

ಆ ಮಾತನ್ನು ಅಕ್ಕೋರು ಹೇಳುವಾಗ ನಾವು ನಕ್ಕು ನಕ್ಕು ಬೆಂಚಿನ ಮೇಲೆ ಬೀಳುತ್ತಿದ್ದೆವು. ನಗು ಮುಗಿದ ಮೇಲೆ ಮಾತ್ರ ಯಾಕೋ ಪಾಪ ಅನ್ನಿಸುತ್ತಿತ್ತು. ಆ ಕಥೆಗಳಲ್ಲಿ ಊರನ್ನು ಕಾಯುವ ಒಂದು ಒಳ್ಳೆಯ ಪ್ರಾಣಿಯೂ ಇದ್ದಿರಲೇಬೇಕು. ಬೆಳ್ಳಕ್ಕಿಯೋ, ಆಮೆಯೋ. ಎಷ್ಟು ಯೋಚಿಸಿದರೂ ಈಗ ಅದರ ಮುಖ ನೆನಪಿಗೆ ಬರುತ್ತಿಲ್ಲ.

ಒಮ್ಮೆ ದೊಡ್ಡ ಮಾಸ್ತರು ಕಿಟಕಿಯ ಹೊರಗೆ ನಿಂತು ಕಥೆ ಕೇಳಿದರು. ಮರುದಿನ ಅಕ್ಕೋರಿಗೆ, ಕೆಟ್ಟವನಿಗೆ ಶಿಕ್ಷೆಯಾಗದ ಕಥೆ ಹೇಳಿದರೆ ಮಕ್ಕಳು ಏನು ಕಲಿಯುತ್ತಾರೆ ಎಂದರಂತೆ. ಮುಂದಿನ ಶನಿವಾರ ಅಕ್ಕೋರು ಬುಳುಂಗನನ್ನು ಕೊಂದರು. ಒಡ್ಡಿನ ತೂಬಿನ ಹಲಗೆ ಅವನ ಮೇಲೆ ಬಿತ್ತು, ಕಥೆ ಮುಗಿಯಿತು. ಗಂಟೆ ಹೊಡೆದರೂ ನಾವ್ಯಾರೂ ಏಳಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಎಳೆಯುವ ಸದ್ದು ಕೇಳಿಸಿತು. ಅಕ್ಕೋರು ಮೇಜು ಒರೆಸಿದರು, ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸಿದರು.

“ಕೆಟ್ಟವ್ನಲ್ವಾ ಅವ್ನು? ಹೋದ್ರೆ ಹೋಗ್ಲಿ,” ಎಂದರು.

“ಅಂವ ಹೋದ್ರೆ ಶನಿವಾರ ನಮ್ಗೆ ಯಾರದಾರೆ, ಅಕ್ಕೋರೇ?” ಎಂದು ನನ್ನ ಪಕ್ಕದವಳು ಕೇಳಿದಳು.

ಒಂದು ವಾರ ಕಾದೆವು. ಆ ಶನಿವಾರ ಮೂರು ಕೂದಲು ಮತ್ತೆ ಅದುರಿದವು. ಬುಳುಂಗ ಸತ್ತಿರಲಿಲ್ಲ. ತಾನು ಸತ್ತರೆ ಯಾರು ಯಾರು ಅಳುತ್ತಾರೆ ಎಂದು ನೋಡಲು ಹಲಗೆಯ ಕೆಳಗೆ ಸತ್ತ ಹಾಗೆ ಬಿದ್ದಿದ್ದನಂತೆ. ಯಾರೂ ಅಳದಿದ್ದುದು ಕಂಡು ಅವನಿಗೇ ಅಳು ಬಂದಿತಂತೆ. ಆ ದಿನ ನಮ್ಮ ಕೂಗಾಟಕ್ಕೆ ದೊಡ್ಡ ಮಾಸ್ತರು ಓಡಿ ಬಂದರು. ಆಮೇಲೆ ಆ ವಿಷಯದಲ್ಲಿ ಅವರು ಮಾತಾಡಲಿಲ್ಲ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಮಳೆಗಾಲದಲ್ಲಿ ನಡೆದದ್ದನ್ನು ಈಗ ಹೇಳಬೇಕು. ದೊಡ್ಡ ಹಾಳೆಗಳನ್ನು ಅಂಟಿಸಿ ನಾವೆಲ್ಲ ಸೇರಿ ಕಾಳಿ ಹೊಳೆಯ ಚಿತ್ರ ಬರೆದಿದ್ದೆವು. ಘಟ್ಟದಿಂದ ಕೋಡಿಬಾಗದ ಅಳಿವೆಯ ತನಕ, ಗೋಡೆಯ ಉದ್ದಕ್ಕೂ ಇತ್ತು. ನೀರಿಗೆಲ್ಲ ನೀಲಿ ತುಂಬಿದವಳು ನಾನು. ತಪಾಸಣೆಗೆ ಬರುವ ಸಾಹೇಬರಿಗೆ ತೋರಿಸಬೇಕೆಂದು ಅಕ್ಕೋರು ಚಿತ್ರದ ಕೆಳಗೆ ಚೆನ್ನಾಗಿ ಬರೆದ ಇಬ್ಬರ ಹೆಸರು ಹಾಕಿದರು. ಅದರಲ್ಲಿ ನನ್ನ ಹೆಸರಿರಲಿಲ್ಲ. ನನಗೆ ಬೇಜಾರಾಗಿತ್ತು, ಅದನ್ನು ಮುಚ್ಚಿಡಲೂ ನನಗೆ ಬಂದಿರಲಿಲ್ಲ.

ಸಾಹೇಬರು ಬರುವ ದಿನ ಬೆಳಿಗ್ಗೆ ನಾನು ತರಗತಿಗೆ ಹೊಕ್ಕಾಗ ಹೊಳೆ ಗೋಡೆಯಿಂದ ಕೆಳಗೆ ಇಳಿಯುತ್ತಿತ್ತು. ನೀಲಿ ಬಣ್ಣ ಗದ್ದೆ, ತೋಟ, ಮನೆಗಳ ಮೇಲೆಲ್ಲ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಓಡಿ ಹೋಗಿ ಎರಡೂ ಕೈಯಿಂದ ಒತ್ತಿ ಹಿಡಿದೆ, ಲಂಗದಿಂದ ಒರೆಸಿದೆ. ಅಷ್ಟರಲ್ಲಿ ಅಕ್ಕೋರು ಬಂದರು. ಹಿಂದೆ ಮಕ್ಕಳೆಲ್ಲ. ನನ್ನ ಕೈ ಮೊಣಕೈ ತನಕ ನೀಲಿ.

“ಹೆಸ್ರು ಹಾಕ್ಲಿಲ್ಲ ಅಂತ ಸಿಟ್ಟಾ?” ಎಂದರು ಅಕ್ಕೋರು. “ಒಂದು ತಿಂಗ್ಳ ಕೆಲ್ಸ, ಎಲ್ಲಾ ಮಕ್ಳದ್ದು. ಬುಳುಂಗಂಗೂ ನಿಂಗೂ ಯಂತಾ ಫರಕು?”

ನಾನಲ್ಲ ಎಂದು ಹೇಳಬೇಕಿತ್ತು. ಕನ್ನಡವೂ ಬರಲಿಲ್ಲ, ಕೊಂಕಣಿಯೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಾಲೆಯಲ್ಲಿ ನನ್ನ ಹೆಸರು ಬುಳುಂಗಿ ಎಂದಾಗಿತ್ತು.

ನಿಜ ಏನೆಂಬುದು ಅದೇ ಸಂಜೆ ಹೊರಬಿತ್ತು. ಬಿಸಿಯೂಟದ ಅಡುಗೆಯವಳು ನೆಲ ಒರೆಸುವಾಗ ನೋಡಿದಳಂತೆ. ಚಿತ್ರದ ಮೇಲಿನ ಮೊಳೆಗೆ ಅಕ್ಕೋರದೇ ಕೊಡೆ ನೇತಾಡುತ್ತಿತ್ತು. ಬೆಳಿಗ್ಗೆ ಮಳೆಯಲ್ಲಿ ನೆನೆದು ಬಂದವರು ಗಡಿಬಿಡಿಯಲ್ಲಿ ಅಲ್ಲಿ ಸಿಕ್ಕಿಸಿ ಆಫೀಸು ಕೋಣೆಗೆ ಹೋಗಿದ್ದರು. ಕೊಡೆಯ ನೀರೇ ಇಳಿದು ಹೊಳೆಯನ್ನು ಕರಗಿಸಿತ್ತು. ಅಡುಗೆಯವಳು ತೋರಿಸಿದಾಗ ಅಕ್ಕೋರು ಕೊಡೆಯನ್ನೂ ಗೋಡೆಯನ್ನೂ ನೋಡುತ್ತ ಬಹಳ ಹೊತ್ತು ನಿಂತರಂತೆ. ಅವಳು ಇದನ್ನೆಲ್ಲ ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಬಂದು ಹೇಳಿದಳು.

ಮರುದಿನ ಶಾಲೆಗೆ ಹೋದೆ. ಮೊಳೆ ಇರಲಿಲ್ಲ. ಅಕ್ಕೋರೇ ಕಲ್ಲಿನಿಂದ ಬಡಿದು ಕಿತ್ತುಹಾಕಿದ್ದರು. ಎಲ್ಲರ ಮುಂದೆ ಬೈದವರು ಎಲ್ಲರ ಮುಂದೆ ಒಂದು ಮಾತು ಹೇಳುತ್ತಾರೆ ಎಂದು ಗಂಟೆ ಗಂಟೆಗೂ ಕಾದೆ. ಅವರು ನನ್ನ ಬೆಂಚಿನ ಹತ್ತಿರ ಎರಡು ಸಲ ಬಂದರು, ನಾನು ಬರೆಯುತ್ತಿದ್ದ ಪಟ್ಟಿ ಪುಸ್ತಕದ ಮೇಲೆ ಬಗ್ಗಿ ನೋಡಿದರು, “ಅಕ್ಷರ ದುಂಡಗೆ ಬರಿ” ಎಂದು ಹೇಳಿ ಹೋದರು. ಅದರ ಮಾರನೇ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಆಯಿ ಬೈದಳು, ಅಪ್ಪ ಪುಸಲಾಯಿಸಿದ. ನಾನು ಹೋಗಲಿಲ್ಲ. ಇನ್ನು ಆ ಶಾಲೆಯ ಮುಖ ನೋಡುವುದಿಲ್ಲ, ಆಯಿಯ ಜೊತೆ ಗದ್ದೆಗೆ ಹೋಗುತ್ತೇನೆ ಎಂದು ಹಟ ಹಿಡಿದೆ. ನಮ್ಮ ಓಣಿಯಲ್ಲಿ ಹಾಗೆ ಶಾಲೆ ಬಿಟ್ಟ ಹುಡುಗಿಯರು ಮೂರ್ನಾಲ್ಕು ಜನ ಇದ್ದರು. ಬಿಟ್ಟವರ್ಯಾರೂ ತಿರುಗಿ ಹೋಗಿರಲಿಲ್ಲ.

ಶುಕ್ರವಾರ ಸಂಜೆ ಅಕ್ಕೋರು ನಮ್ಮ ಅಂಗಳಕ್ಕೆ ಬಂದರು. ಸೀರೆಯ ಅಂಚೆಲ್ಲ ಕೆಸರು. ಆಯಿ ಮಣೆ ಹಾಕಿ ಕೂರಲು ಹೇಳಿದಳು, ಅವರು ಕೂರಲಿಲ್ಲ. ಜಗಲಿಯ ಕಂಬ ಹಿಡಿದು ನಿಂತ ನನ್ನನ್ನು ನೋಡಿದರು. ಮಚ್ಚೆಯನ್ನು ಬೆರಳಿಂದ ಸವರಿದರು. ಕೆಮ್ಮಿದರು. ಆಮೇಲೆ ಹೇಳಿದರು:

“ಹೊಳೆ ಭರ್ತಿ ಜೋರದೆ ಇವತ್ತು.”

ಅದು ಅವರಿಗೆ ಗೊತ್ತಿಲ್ಲದೆ ಬಾಯಿಂದ ಬಿದ್ದ ಮಾತು. ಅವರ ಮುಖ ನೋಡಿದ ಯಾರಿಗಾದರೂ ಅದು ತಿಳಿಯುತ್ತಿತ್ತು. ನನಗೆ ಮೊದಲು ನಗು ಬಂತು, ಅದರ ಹಿಂದೆಯೇ ಅಳು.

“ಅಕ್ಕೋರೇ, ಬುಳುಂಗ ಅಂದ್ರೆ ನೀವೇ,” ಎಂದೆ.

ಆಯಿ ಬಾಯಿಗೆ ಸೆರಗು ಹಿಡಿದಳು. ಅಕ್ಕೋರು ಮೆಲ್ಲಗೆ ಬಂದು ಜಗಲಿಯ ಅಂಚಿಗೆ ಕೂತರು. “ಹೌದು ತಂಗೀ,” ಎಂದರು, “ಪೂರ್ತಿ ನಾನೇ. ಒಡ್ಡು ಮಾತ್ರ ನಾ ಒಡೀಲಿಲ್ಲ.” ಇಷ್ಟು ಹೇಳಿದವರು ಆಗಲೂ ಆ ಒಂದು ಶಬ್ದ ಹೇಳಲಿಲ್ಲ. ಚಹಾ ಕುಡಿದು ಎದ್ದು ಹೋದರು.

ಮರುದಿನ ಶನಿವಾರ. ನಾನು ಹೋದೆ. ಕೊನೆಯ ತಾಸಿನಲ್ಲಿ ಬುಳುಂಗ ಹೊಳೆಯಿಂದ ಬಂದ. ಬಂದವನು ಒಂದು ಪುಟ್ಟ ಏಡಿಮರಿಯ ಮೇಲೆ ಸುಳ್ಳು ಅಪವಾದ ಹೊರಿಸಿದ. ತನ್ನದೇ ಕೊಡೆಯಿಂದ ಬಿದ್ದ ನೀರಿಗೆ ಏಡಿಮರಿಯನ್ನು ಬೈದ, ಊರೆಲ್ಲ ಕೇಳುವ ಹಾಗೆ ಬೈದ. ಅಕ್ಕೋರು ಒಂದನ್ನೂ ಬಿಡದೆ ಹೇಳಿದರು, ಮೊಳೆ ಕಿತ್ತದ್ದನ್ನೂ ಹೇಳಿದರು. ಎಲ್ಲರಿಗೂ ಅರ್ಥವಾಗಿತ್ತು. ಬುಳುಂಗ ಏಡಿಮರಿಯ ಬಾಗಿಲ ತನಕ ಹೋದ. ಅಲ್ಲಿ ಕಥೆ ನಿಂತಿತು.

“ಹೇಳ್ದ್ನಾ, ಅಕ್ಕೋರೇ?” ಎಂದು ಯಾರೋ ಕೇಳಿದರು.

“ಹೇಳೂಕೇ ಹೋಗಿದ್ದ. ಬಾಯಿ ಬರ್ಲಿಲ್ಲ.”

ಅವರು ನನ್ನ ಕಡೆ ನೋಡಲಿಲ್ಲ. ಚಾಕ್‌ಪೀಸು ಹಿಡಿದ ಬೆರಳುಗಳನ್ನೇ ನೋಡುತ್ತಿದ್ದರು. ನಾನು ಎದ್ದು ನಿಂತೆ. “ಏಡಿಮರಿಗೆ ಕೇಳಿಸ್ತು ಅಕ್ಕೋರೇ,” ಎಂದೆ.

ಆಮೇಲೆ ನನ್ನನ್ನು ಬುಳುಂಗಿ ಎಂದು ಕರೆದವರಿಲ್ಲ. ಶಾಲೆ ಬಿಡುವ ಮಾತನ್ನು ನಾನೂ ಮತ್ತೆ ಎತ್ತಲಿಲ್ಲ.

ನಿವೃತ್ತಿಯಾದ ಮೇಲೆ ಅಕ್ಕೋರು ಕೋಡಿಬಾಗದಲ್ಲಿ ಹೊಳೆಗೆ ಮುಖ ಮಾಡಿದ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ನಾನು ಕಾರವಾರದಲ್ಲಿ ಶಿಕ್ಷಕಿಯಾಗಲು ಓದುತ್ತಿದ್ದೆ. ಬಿಡುವಿದ್ದಾಗಲೆಲ್ಲ ಅವರಲ್ಲಿಗೆ ಹೋಗುತ್ತಿದ್ದೆ. ನೀರುನಾಯಿಯನ್ನು ಹತ್ತಿರದಿಂದ ಒಮ್ಮೆಯೂ ಕಂಡಿಲ್ಲವೆಂದು ಅವರು ನನಗೆ ಹೇಳಿದ್ದು ಆಗ. “ಕಂಡಿದ್ರೆ ಆ ಪಾಪದ ಪ್ರಾಣಿ ಮೇಲೆ ನನ್ನ ಗುಣಾನೆಲ್ಲಾ ಹೇರೂಕೆ ಮನ್ಸು ಬರ್ತಿರ್ಲಿಲ್ಲ,” ಎಂದರು.

ಭಾನುವಾರ, ನಮ್ಮ ಕಡೆಯ ಆಯ್ತವಾರ, ಮಾತ್ರ ಅವರು ಮನೆಯಲ್ಲಿ ಸಿಗುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತೀರಿ ಎಂದು ಒಮ್ಮೆ ಕೇಳಿದೆ. “ಬಾ ಬೇಕಾದ್ರೆ,” ಎಂದರು. ಬೆಳಿಗ್ಗೆಯೇ ಎದ್ದು ಅರಿಶಿನ ಎಲೆಯಲ್ಲಿ ಕಡುಬು ಬೇಯಿಸಿ ಸ್ಟೀಲಿನ ಡಬ್ಬಿಗೆ ತುಂಬಿದ್ದರು. ಅಂಕೋಲೆಯ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಹೇಳಿದರು, ಅಂಕೋಲೆಯಲ್ಲಿ ಅವರ ತಂಗಿ ಇದ್ದಾಳೆ. ತಾಯಿಯನ್ನು ಕೊನೆಯ ತನಕ ನೋಡಿಕೊಂಡವಳು ಅವಳೇ. ತಾಯಿ ತೀರಿಕೊಂಡ ದಿನ ಅಕ್ಕೋರು ತಡವಾಗಿ ಬಂದು ಮುಟ್ಟಿದರು. ನೆಂಟರಿಷ್ಟರೆಲ್ಲ ಕೂತಿದ್ದಾಗ ತಂಗಿಗೆ, “ನೀ ಸರಿ ನೋಡ್ಕಂಡಿದ್ರೆ ಅವ್ವಿ ಬದ್ಕ್ತಿತ್ತು,” ಎಂದುಬಿಟ್ಟರು. ತಂಗಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಮಾತಿಲ್ಲ.

“ಆ ವಾರ ಶಾಲೆಗೆ ಬಂದೆ. ಶನಿವಾರ ಮಕ್ಳು ಕಥೆ ಕೇಳಿದ್ರು. ಯಂತ ಹೇಳೂದು ಗೊತ್ತಾಗ್ಲಿಲ್ಲ. ಆವಾಗ ಬಂದವ್ನು ಅವ್ನು, ಬುಳುಂಗ,” ಎಂದರು.

ತಂಗಿಯ ಮನೆ ಪೇಟೆಯಿಂದ ಸ್ವಲ್ಪ ಒಳಗೆ. ಕಬ್ಬಿಣದ ಗೇಟು, ಆಚೆ ಹತ್ತು ಹೆಜ್ಜೆ ಅಂಗಳ. ಅಕ್ಕೋರು ಗೇಟಿನ ಹತ್ತಿರ ನಿಂತರು. ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

“ಹೋಗಿ ಅಕ್ಕೋರೇ, ಹತ್ತೇ ಹೆಜ್ಜೆ,” ಎಂದೆ.

“ಇವತ್ತು ಬ್ಯಾಡ. ಯಾರೋ ನೆಂಟ್ರು ಬಂದ ಹಂಗೆ ಕಾಣ್ತದೆ.”

ಯಾರೂ ಬಂದಿರಲಿಲ್ಲ. ವಾಪಸ್ ಬಸ್ಸು ಆವರ್ಸಾ ದಾಟುವಷ್ಟರಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. “ತಿನ್ನೇ, ತಣ್ಣಗಾಗ್ತದೆ,” ಎಂದರು ಅವರು ಕಿಟಕಿಯ ಹೊರಗೆ ನೋಡುತ್ತ. ಆಮೇಲೂ ಎಷ್ಟೋ ಆಯ್ತವಾರ ಅವರ ಜೊತೆ ಹೋಗಿದ್ದೇನೆ. ನಾನೇ ಗೇಟು ತೆಗೆದು ಹೋಗಿ ಬಾಗಿಲು ತಟ್ಟಬಹುದಿತ್ತು. ದೊಡ್ಡವರ ವಿಷಯ ಎಂದುಕೊಂಡು ಸುಮ್ಮನಿದ್ದೆ. ಆ ಕಡುಬಿನ ರುಚಿಯನ್ನು ಮಾತ್ರ ನಾಚಿಕೆಯಿಲ್ಲದೆ ಸವಿದೆ.

ನನಗೆ ಮಲ್ಲಾಪುರದ ಒಂದು ಶಾಲೆಯಲ್ಲಿ ಕೆಲಸವಾಯಿತು, ಮದುವೆಯಾಯಿತು, ಮಗಳಾದಳು. ಕೋಡಿಬಾಗಕ್ಕೆ ಹೋಗುವುದು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಆಯಿತು. ಹೀಗಿರುವಾಗ ಒಂದು ದಿನ ಅಕ್ಕೋರ ಪಕ್ಕದ ಮನೆಯವರು ಫೋನು ಮಾಡಿದರು. ಅಕ್ಕೋರಿಗೆ ಲಕ್ವ ಹೊಡೆದಿತ್ತು. ನಾನು ಹೋದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಬಲಗೈ ಹೋಗಿತ್ತು, ಮಾತು ಹೋಗಿತ್ತು. ನನ್ನನ್ನು ಕಂಡು ಅವರು ತುಂಬ ಹೊತ್ತು ಏನೋ ಹೇಳಲು ನೋಡಿದರು. ಬರೀ ಸದ್ದು ಬಂತು. ಏನು ಹೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

ಮರುದಿನ ಮೊದಲ ಬಸ್ಸಿಗೆ ಅಂಕೋಲೆಗೆ ಹೋದೆ. ಗೇಟು ತೆಗೆದೆ, ಹತ್ತು ಹೆಜ್ಜೆ ನಡೆದೆ, ಬಾಗಿಲು ತಟ್ಟಿದೆ. ಬಾಗಿಲು ತೆಗೆದ ಮುಖ ಅಕ್ಕೋರದೇ, ಮಚ್ಚೆ ಮಾತ್ರ ಇರಲಿಲ್ಲ.

“ಅಕ್ಕ ಹೋದ್ಲಾ?” ಎಂದು ಕೇಳಿದರು. ನಾನು ಯಾರೆಂದು ಕೇಳಲಿಲ್ಲ.

“ಇಲ್ಲ, ಇದ್ದಾರೆ. ಮಾತು ಹೋಗ್ಯದೆ.”

ಅವರು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ಬಾಗಿಲಿಗೆ ಬೀಗ ಹಾಕಿದವಳು ನಾನು. ಬಸ್ಸಿನಲ್ಲಿ ಹೇಳಿದರು, “ಆಯ್ತವಾರ ಆಯ್ತವಾರ ಬಂದು ಗೇಟಿನ ಹತ್ರ ನಿಲ್ತಿದ್ಲು. ನಾ ಕಿಟಕಿ ಹಿಂದೆ. ಅವ್ಳು ತಿರುಗಿ ಹೋಗೂ ತನಕ ನೋಡ್ತಿದ್ದೆ. ನಿನ್ನೂ ನೋಡಿದ್ದೆ.”

“ಕರೀಬಹುದಿತ್ತಲ್ಲ ಅಮ್ಮಾ?”

“ಅವ್ಳೇ ಬರ್ಲಿ ಅಂತ ಕೂತೆ. ನಂದೂ ಸೊಕ್ಕು ಏನು ಕಡ್ಮೆ ಅದ್ಯಾ?” ಎಂದರು. “ಒಂದು ವಾರ ಬರ್ಲಿಲ್ಲ ಅಂದ್ರೆ ನಂಗೆ ಅನ್ನ ಸೇರ್ತಿರ್ಲಿಲ್ಲ.”

ತಂಗಿಯನ್ನು ಕಂಡಾಗ ಅಕ್ಕೋರ ಮುಖವೆಲ್ಲ ಒಂದು ಕಡೆ ಎಳೆಯಿತು. ಗಂಟಲಿಂದ ಒತ್ತಿ ಒತ್ತಿ ಒಂದು ಸದ್ದು ಹೊರಡಿಸಿದರು. ತಂಗಿ ಮಂಚದ ಮೇಲೆ ಕೂತು ಅವರ ಬಾಯಿಯ ಮೇಲೆ ಕೈಯಿಟ್ಟರು. “ಸುಮ್ನಿರೇ. ಹೇಳೂದು ಬ್ಯಾಡ. ಮೊದ್ಲ ಆಯ್ತವಾರ ಬಂದು ನಿಂತ್ಯಲ್ಲ, ಅವತ್ತೇ ನಂಗೆ ಗೊತ್ತಾಗಿತ್ತು,” ಎಂದರು. ಅಕ್ಕೋರು ಎಡಗೈಯಿಂದ ತಂಗಿಯ ಮಣಿಕಟ್ಟು ಹಿಡಿದುಕೊಂಡರು. ಸಂಜೆ ನಾನು ಹೊರಡುವಾಗಲೂ ಹಾಗೆಯೇ ಹಿಡಿದಿದ್ದರು.

ತಂಗಿ ತಿರುಗಿ ಹೋಗಲಿಲ್ಲ. ಗಂಜಿ ಕುಡಿಸಿದರು, ತಲೆ ಬಾಚಿದರು, “ಬಾಯಿ ತೆಗ್ಯೇ, ಹಟಮಾರಿ” ಎಂದು ಬೈದರು. ಅಕ್ಕೋರ ಗಂಟಲಿಂದ ಆಗ ಬಂದ ಸದ್ದು ನಗುವೇ ಎಂದು ನಾನು ಇಂದಿಗೂ ನಂಬಿದ್ದೇನೆ. ಅಕ್ಕತಂಗಿಯರಿಗೆ ಸಿಕ್ಕಿದ್ದು ಹದಿನೆಂಟು ದಿನ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅಕ್ಕೋರು ಏಳಲಿಲ್ಲ.

ಅಂದು ಅಂಗಳ ತುಂಬ ಅವರು ಕಲಿಸಿದ ಮಕ್ಕಳು. ಮಕ್ಕಳೆಂದರೆ ತಲೆ ನರೆತವರು, ದೋಣಿಗೆ ಹೋಗುವವರು, ಬಸ್ಸು ಓಡಿಸುವವರು, ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದವರು. ಅವರು ಕಲಿಸಿದ ಪಾಠದ ಮಾತನ್ನು ಒಬ್ಬರೂ ಆಡಲಿಲ್ಲ. ಗುಡುಗಿಗೆ ಬುಳುಂಗ ಬಿಲ ಹೊಕ್ಕದ್ದು, ಬುಳುಂಗ ಸತ್ತ ಹಾಗೆ ಬಿದ್ದದ್ದು, ಇದೇ ಮಾತು. ತಂಗಿ ನನ್ನನ್ನು ಒಳಗೆ ಕರೆದರು.

“ಯಾರೇ ಅದು ಬುಳುಂಗ? ಎಲ್ಲಾರ್ಗೂ ಗೊತ್ತದೆ, ನಂಗೊಬ್ಳಿಗೇ ಗೊತ್ತಿಲ್ಲ.”

ಅಡುಗೆಮನೆಯ ನೆಲದ ಮೇಲೆ ಕೂತು ಅವರಿಗೆ ಎಲ್ಲವನ್ನೂ ಹೇಳಿದೆ. ಅವನು ಹುಟ್ಟಿದ ಶನಿವಾರ, ಮದುವೆಯ ಕರೆ, ಒಡ್ಡು, ಏಡಿಯ ಬಾಗಿಲು, ಯಾವುದನ್ನೂ ಬಿಡಲಿಲ್ಲ. ಅವರು ನಗಲಿಲ್ಲ. ಮುಗಿದ ಮೇಲೆ ಕೇಳಿದರು, “ಅವ್ವಿ ಹೋದ ದಿನಾನೇ ನಾ ಬಾಗಿಲು ತೆಗ್ದಿದ್ರೆ ಅವ್ನು ಹುಟ್ತಾನೇ ಇರ್ಲಿಲ್ಲ, ಅಲ್ಲಾ?”

ನಮಗೆಲ್ಲ ಅಷ್ಟು ಶನಿವಾರ ಸಿಕ್ಕಿದ್ದು ಅವರಿಬ್ಬರ ಅಷ್ಟು ಆಯ್ತವಾರ ಹಾಳಾದದ್ದರಿಂದ ಎಂಬುದು ನನಗೆ ಆಗ ಹೊಳೆಯಿತು.

ಹೋದ ತಿಂಗಳು ನನ್ನ ತರಗತಿಯಲ್ಲಿ ಒಬ್ಬಳನ್ನು, ಪಕ್ಕದವಳ ಉತ್ತರ ನೋಡಿ ಬರೆದಿದ್ದಾಳೆಂದು ಎಲ್ಲರ ಮುಂದೆ ಬೈದೆ. ಮನೆಗೆ ಬಂದು ಎರಡೂ ಪತ್ರಿಕೆ ಇಟ್ಟು ನೋಡಿದರೆ ಅವಳ ಉತ್ತರ ಅವಳದೇ. ಬೆಳಿಗ್ಗೆ ಹಾಜರಿ ಕರೆಯುವ ಮೊದಲು ಅವಳ ಬೆಂಚಿನ ಹತ್ತಿರ ಹೋಗಿ ನಿಂತೆ. ಒಮ್ಮೆ ಕೆಮ್ಮಿದೆ. “ನನ್ನಿಂದ ತಪ್ಪಾಯ್ತು ಪುಟ್ಟೀ, ನೀನು ನೋಡಿ ಬರೆದಿರ್ಲಿಲ್ಲ,” ಎಂದು ಇಡೀ ತರಗತಿ ಕೇಳುವ ಹಾಗೆ ಹೇಳಿದೆ. ಅವಳು ಕಣ್ಣು ದೊಡ್ಡದು ಮಾಡಿ ನೋಡಿದಳು, ಆಮೇಲೆ ನಕ್ಕಳು. ಅಷ್ಟೇ. ಅದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಸಂಜೆ ಮಲ್ಲಾಪುರದಿಂದ ಕಾರವಾರದ ಬಸ್ಸಿನಲ್ಲಿ ಕೂತಾಗ ಇದನ್ನು ಯಾರಿಗಾದರೂ ಹೇಳಲೇಬೇಕೆನ್ನಿಸಿತು. ಮನೆಯ ಸ್ಟಾಪಿನಲ್ಲಿ ಇಳಿಯದೆ ಮುಂದೆ ಹೋಗಿ, ಕೋಡಿಬಾಗಕ್ಕೆ ಆಟೋ ಹಿಡಿದು, ಅಕ್ಕೋರಿದ್ದ ಓಣಿಯ ತನಕ ನಡೆದೆ. ಮನೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ. ಒಬ್ಬ ಹೆಂಗಸು ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು.

“ಯಾರು ಬೇಕಾಗಿತ್ತು?” ಎಂದು ಕೇಳಿದಳು.

“ಇಲ್ಲಿ ನಮ್ಮ ಅಕ್ಕೋರು ಇದ್ರು,” ಎಂದೆ. ಹೇಳಲು ಬಂದಿದ್ದ ಮಾತನ್ನು ಯಾರಿಗೂ ಹೇಳದೆ, ಕತ್ತಲಾಗುವ ಮೊದಲು ಮನೆಗೆ ಬಂದೆ.